ವೈನ್ ತೆಗೆದ ಪಿಯೆಮಾಂಟ್

ಕಳೆದ ಸಲ ಊರಿಗೆ ಹೊರಟಾಗ ಜಿದ್ದಾದಿಂದ ನೇರ ವಿಮಾನ ಸಿಗದೆ ಬೇರೆ ದೇಶದ ಮೇಲಿಂದ ಸುತ್ತಿ ಹೋಗಬೇಕಾಯಿತು. ಎರಡನೆಯ ವಿಮಾನದಲ್ಲಿ ಊಟದ ಪಟ್ಟಿ ಕೊಟ್ಟರು. ಅದರ ಕೆಳತುದಿಯಲ್ಲಿ ನಾಲ್ಕು ಸಾಲು ವೈನಿನ ಹೆಸರುಗಳಿದ್ದವು. ಓದಿ ಮುಗಿಸುವ ಮೊದಲೇ ನನ್ನ ಬಲಗೈ ಜೇಬಿನಿಂದ ಪೆನ್ನು ತೆಗೆದು ಆ ನಾಲ್ಕು ಸಾಲಿನ ಮೇಲೂ ಗೀಟು ಎಳೆದಾಗಿತ್ತು. ಪಕ್ಕದಲ್ಲಿದ್ದ ಕಾಸರಗೋಡಿನ ಹಿರಿಯರೊಬ್ಬರು ಗೀಟನ್ನೂ ನನ್ನ ಮುಖವನ್ನೂ ನೋಡಿ, "ಉಮ್ರಾ ಮುಗಿಸಿ ಬಂದದ್ದಾ?" ಎಂದು, ಮೆಕ್ಕಾ ಯಾತ್ರೆಯಿಂದ ಬಂದವನನ್ನು ಕೇಳುವ ಗೌರವದಿಂದ ಕೇಳಿದರು. ಅಲ್ಲ, ಪೇಪರಿನಲ್ಲಿ ಕೆಲಸ ಎಂದೆ. ಅವರ ಗೌರವ ಅಲ್ಲಿಗೆ ಮುಗಿಯಿತು.

ಚಟ ಎಂದರೆ ಹೀಗೆ. ಕುಡಿಯುವ ಚಟದ ಬಗ್ಗೆ ಜನ ಬೇಕಾದಷ್ಟು ಹೇಳುತ್ತಾರೆ. ಕುಡಿತವನ್ನು ಅಳಿಸುವ ಚಟದ ಬಗ್ಗೆ ಹೇಳಬಲ್ಲವರು ಕಡಿಮೆ. ನಾನು ಅಂಥವರಲ್ಲಿ ಒಬ್ಬ. ಜಿದ್ದಾದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಉಪಸಂಪಾದಕ. ನಮ್ಮ ಮೇಜಿನ ಶಿಸ್ತು ಗಟ್ಟಿ. ಬೆಂಕಿ ಬಿದ್ದರೆ ಎಷ್ಟು ಮನೆ ಎಂದು ಇಬ್ಬರನ್ನು ಕೇಳಿ ಬರೆಯಬೇಕು. ಸತ್ತವರ ಹೆಸರಿನ ಮುಂದೆ ವಯಸ್ಸು ಇರಲೇಬೇಕು. "ಭೀಕರ" ಎಂಬ ಪದ ನಿಷಿದ್ಧ. ಎಷ್ಟು ಭೀಕರ ಎಂದು ಓದುಗ ತೀರ್ಮಾನಿಸಲಿ. ಈ ಶಿಸ್ತು ಮೊದಲ ಪುಟದಿಂದ ಕ್ರೀಡೆಯವರೆಗೆ ನಡೆಯುತ್ತಿತ್ತು. ನಡೆಯದೆ ಇದ್ದದ್ದು ವಾರದ ಪುರವಣಿಯ ಪ್ರವಾಸ ಪುಟದಲ್ಲಿ ಮಾತ್ರ. ಆ ಪುಟ ನನ್ನದು.

ಸುದ್ದಿಸಂಸ್ಥೆಗಳಿಂದ, ಪ್ರವಾಸೋದ್ಯಮ ಕಚೇರಿಗಳ ಕರಪತ್ರಗಳಿಂದ ಬರುವ ಸಾಮಗ್ರಿಯನ್ನು ಸೋಸಿ ಪುಟ ತುಂಬಿಸುವುದು ಕೆಲಸ. ಸೋಸುವುದೆಂದರೆ ಮುಖ್ಯವಾಗಿ ವೈನನ್ನು ಸೋಸುವುದು. ಸೌದಿಯ ಪತ್ರಿಕೆಯಲ್ಲಿ ಮದ್ಯದ ಹೆಸರೂ ಬರುವಂತಿಲ್ಲ. ನಾರ್ವೆಯಾದರೆ ಕಷ್ಟವಿಲ್ಲ, ಹಿಮ ಸಾಕು. ಈಜಿಪ್ಟಾದರೆ ಪಿರಮಿಡ್ಡು. ಇಟಲಿ ಬಂದರೆ ಮಾತ್ರ ಕೈ ನೋಯುತ್ತಿತ್ತು. ಅದರಲ್ಲೂ ಪಿಯೆಮಾಂಟ್. ಇಟಲಿಯ ವಾಯವ್ಯ ಮೂಲೆ, ಮೂರು ಕಡೆ ಆಲ್ಪ್ಸ್, ನಡುವೆ ಅಲೆಯಲೆಯಾಗಿ ಗುಡ್ಡಗಳು, ಪ್ರತಿ ಗುಡ್ಡದ ತಲೆಯ ಮೇಲೊಂದು ಇಟ್ಟಿಗೆಯ ಕೋಟೆ, ಕೋಟೆಯ ಬುಡದವರೆಗೂ ಬಾಚಿದ ಕೂದಲಿನಂತೆ ದ್ರಾಕ್ಷಿಯ ಸಾಲು. ಅಲ್ಲಿಯ ಮುಖ್ಯ ದ್ರಾಕ್ಷಿಯ ಹೆಸರಿನಲ್ಲೇ ಮಂಜು ಇದೆ. ಹಣ್ಣಾಗುವ ಹೊತ್ತಿಗೆ ಕಣಿವೆಯಲ್ಲಿ ಮಂಜು ಇಳಿಯುತ್ತದಂತೆ. ಅವರ ಇತಿಹಾಸ, ಜಗಳ, ಮದುವೆ, ಆಸ್ತಿ ಪಾಲು ಎಲ್ಲವೂ ಪೀಪಾಯಿಯ ಸುತ್ತ. ಪಿಯೆಮಾಂಟಿನಿಂದ ವೈನ್ ತೆಗೆಯುವುದು ಮಂಗಳೂರಿನಿಂದ ಮೀನು ತೆಗೆದ ಹಾಗೆ. ಉಳಿಯುವುದೇನು? ಹೇಜಲ್‌ನಟ್. ಗೋಡಂಬಿಯ ಬಡ ನೆಂಟನಂತಿರುವ ಒಂದು ಗುಂಡು ಬೀಜ. ಜೊತೆಗೆ, ಬತ್ತದ ಗದ್ದೆ. ಹೌದು, ಅಲ್ಲಿ ಗದ್ದೆಗಳಿವೆ. ಹಿಂದೆ ಬೇಸಿಗೆಯ ಆರಂಭದಲ್ಲಿ ಬೇರೆ ಊರಿನ ಹೆಂಗಸರು ರೈಲು ತುಂಬಿ ಬಂದು, ಮೊಣಕಾಲುದ್ದದ ನೀರಿನಲ್ಲಿ ನಿಂತು ಕಳೆ ಕೀಳುತ್ತಿದ್ದರಂತೆ, ಹಾಡುತ್ತಾ. ನಾನು ಅದನ್ನು ದೊಡ್ಡದು ಮಾಡಿದೆ. ಇಟಲಿ ಒಂದು ದೇಶವಾದಾಗ ಮೊದಲ ರಾಜಧಾನಿ ಅಲ್ಲಿಯ ತೊರೀನೊ ಪಟ್ಟಣ ಎಂಬುದನ್ನು ಸೇರಿಸಿದೆ. ನೆಲದೊಳಗಿನ ಅಣಬೆಯನ್ನು ನಾಯಿ ಮೂಸಿ ತೆಗೆಯುವ ವಿಷಯ ಸೇರಿಸಿದೆ. ಆದರೂ ಪುಟದ ಬಲಭಾಗ ಖಾಲಿ ಉಳಿಯಿತು.

ಪುರವಣಿಯ ಸಂಪಾದಕರು ಕರಾಚಿಯವರು. ಬೈಗುಳವನ್ನೂ ಹರಸಿದ ಹಾಗೆ ಹೇಳಬಲ್ಲವರು. ಪುಟದ ಕರಡು ನೋಡಿ, "ಮಿಯಾಂ, ಇದರಲ್ಲಿ ನಡೆಯುವವನು ಯಾರು?" ಎಂದರು.

"ನಡೆಯುವವನು ಎಂದರೆ?"

"ಬೆಟ್ಟ ಇದೆ, ಕೋಟೆ ಇದೆ, ನಾಯಿ ಕೂಡ ಇದೆ. ಮನುಷ್ಯ ಎಲ್ಲಿ? ಒಬ್ಬ 'ನಾನು' ಹಾಕು. ಓದುವವರಿಗೆ ಜೊತೆಗೆ ನಡೆಯುವವನು ಬೇಕು."

"ನಾನು ಹೋಗಿಲ್ಲವಲ್ಲ, ಸಾಬ್."

"ಜಾತಕ ಬರೆಯುವವನು ಶನಿಗ್ರಹಕ್ಕೆ ಹೋಗಿದ್ದಾನಾ?"

ಅಂದು ನಾನು "ನಾನು" ಹಾಕಿದೆ. ಪಾಸ್‌ಪೋರ್ಟಿನಲ್ಲಿ ಜಿದ್ದಾ, ಮಂಗಳೂರು ಎರಡೇ ಮುದ್ರೆಗಳಿದ್ದ ಮನುಷ್ಯ ಪಿಯೆಮಾಂಟಿನ ಒಂದು ತೋಟದ ಮನೆಯಲ್ಲಿ ಬೆಳಿಗ್ಗೆ ಎದ್ದು ಕಿಟಕಿ ತೆರೆದ. ಮಂಜು ಗುಡ್ಡಗಳ ಬುಡವನ್ನು ನುಂಗಿ ಊರುಗಳನ್ನು ಮಾತ್ರ ದ್ವೀಪಗಳಂತೆ ಉಳಿಸಿತ್ತು. ಈ ಸಾಲು ಒಂದು ಕರಪತ್ರದ್ದು. ಆದರೆ ಕಿಟಕಿ ತೆರೆದವನು ಯಾರನ್ನಾದರೂ ನೋಡಬೇಕಲ್ಲ? ಅಂಗಳದಲ್ಲಿ ಒಬ್ಬಳು ಅಜ್ಜಿಯನ್ನು ನಿಲ್ಲಿಸಿದೆ.

ಆ ಅಜ್ಜಿಗಾಗಿ ನಾನು ದೂರ ಹೋಗಲಿಲ್ಲ. ನಮ್ಮ ಹಿತ್ತಲ ಬೇಲಿಯಾಚೆ ಕಾರ್ಮಿನ್ ಬಾಯಿ ಇದ್ದರು. ನನ್ನ ಬಾಲ್ಯದಲ್ಲಿ ವೈನ್ ಎಂಬುದು ಇದ್ದರೆ ಅದು ಅವರ ಅಡುಗೆಮನೆಯ ಕತ್ತಲ ಮೂಲೆಯಲ್ಲಿ, ಬಟ್ಟೆ ಕಟ್ಟಿದ ಭರಣಿಯೊಳಗೆ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಮುಷ್ಟಿ ಗೋಧಿ, ನಾಲ್ಕು ಲವಂಗ. ಕ್ರಿಸ್ಮಸ್ಸಿಗೆ ಇಪ್ಪತ್ತೊಂದು ದಿನ ಮೊದಲು ಹಾಕಿ ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುಗಿಸುತ್ತಿದ್ದರು. ತಿರುಗಿಸುವಾಗ ಮಕ್ಕಳು ಮಾತಾಡಬಾರದು. ಮಾತಾಡಿದರೆ ಹುಳಿಯಾಗುತ್ತದೆ ಎಂದು ಹೆದರಿಸುತ್ತಿದ್ದರು. ನಾನು ಉಸಿರು ಕಟ್ಟಿ ನಿಲ್ಲುತ್ತಿದ್ದೆ. ಭರಣಿಯೊಳಗಿಂದ ಯಾರೋ ಪಿಸುಗುಟ್ಟಿದ ಹಾಗೆ ನೊರೆ ಒಡೆಯುತ್ತಿತ್ತು. ಹಬ್ಬದ ದಿನ ನನಗೆ ಒಂದು ಚಮಚ. ಅಮ್ಮನಿಗೆ ಹೇಳಬಾರದು. ಅಮ್ಮ ಬೇಲಿಯ ಈಚೆ ನಿಂತು ನೋಡುತ್ತಿದ್ದಳು, ಅವಳೂ ಹೇಳಬಾರದು. ಹೊರಡುವಾಗ ಕಾರ್ಮಿನ್ ಬಾಯಿ ನನ್ನ ಚಡ್ಡಿಯ ಜೇಬಿಗೆ ಸುಟ್ಟ ಗೇರುಬೀಜ ತುಂಬಿಸಿ "ದಾರಿಗೆ" ಎನ್ನುತ್ತಿದ್ದರು. ದಾರಿ ಹನ್ನೆರಡು ಹೆಜ್ಜೆ.

ಈ ಕಾರ್ಮಿನ್ ಬಾಯಿಯ ಸೀರೆ ಬಿಚ್ಚಿಸಿ ಕಪ್ಪು ಗೌನು ತೊಡಿಸಿದೆ. ಗೇರುಬೀಜ ತೆಗೆದು ಹೇಜಲ್‌ನಟ್ ಕೊಟ್ಟೆ. ಭರಣಿಯನ್ನು ಅಲ್ಲೇ ಬಿಟ್ಟೆ, ನಮ್ಮ ಪತ್ರಿಕೆಯಲ್ಲಿ ಭರಣಿಗೆ ಪ್ರವೇಶವಿಲ್ಲ. ಲೂಚಿಯಾ ಎಂದು ಹೆಸರಿಟ್ಟೆ. ಲೂಚಿಯಾ ಅಜ್ಜಿ ನನ್ನ ಕೋಟಿನ ಜೇಬಿಗೆ ಬೀಜ ತುಂಬಿಸಿ "ದಾರಿಗೆ" ಎಂದಳು. ಪುಟ ತುಂಬಿತು. ಕೊನೆಯ ಚೌಕದಲ್ಲಿ "ಉಳಿಯಲು" ಎಂಬ ತಲೆಬರಹದ ಕೆಳಗೆ ಕರಪತ್ರದಲ್ಲಿದ್ದ ಒಂದು ತೋಟದ ಮನೆಯ ವಿಳಾಸ ಕೊಟ್ಟೆ. ಆ ಮನೆತನ ನಾಲ್ಕು ತಲೆಮಾರಿನಿಂದ ವೈನ್ ಮಾಡುತ್ತಿದೆ ಎಂದು ಕರಪತ್ರದಲ್ಲಿತ್ತು. ನಾಲ್ಕು ತಲೆಮಾರಿನಿಂದ ತೋಟ ನೋಡಿಕೊಳ್ಳುತ್ತಿದೆ ಎಂದು ಮಾಡಿದೆ. ಸುಳ್ಳೇನಲ್ಲ. ತೋಟವನ್ನೂ ನೋಡಿಕೊಳ್ಳುತ್ತಿದ್ದರು.

ಇನ್ನು ಹಮೀದಾಕನ ವಿಷಯ.

ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿ. ಸೌದಿಯ ನಡುಭಾಗದ ಬುರೈದಾದಲ್ಲಿ ಖರ್ಜೂರ ವಿಂಗಡಿಸಿ ಡಬ್ಬಿಗೆ ತುಂಬುವ ಒಂದು ಕಂಪೆನಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ನನಗಿಂತ ಆರು ವರ್ಷ ದೊಡ್ಡವರು. ನಮ್ಮ ಪರಿಚಯವಾದದ್ದು ಒಂದು ತಪ್ಪಿನಿಂದ. ಬುರೈದಾದ ಖರ್ಜೂರ ಮಾರುಕಟ್ಟೆಯ ಚಿತ್ರದ ಕೆಳಗೆ ನಾನು "ಅಜ್ವಾ" ಎಂದು ಹಾಕಿದ್ದೆ. ಮರುದಿನ ಕಚೇರಿಗೆ ಫೋನು ಬಂತು. ಹಿಂದಿಯಲ್ಲಿ ಶುರುವಾದ ಮಾತು ಎರಡನೆಯ ವಾಕ್ಯಕ್ಕೆ ಕನ್ನಡಕ್ಕೆ ಇಳಿಯಿತು.

"ನೀವು ಊರಿನವರಾ? ಹಾಗಾದ್ರೆ ಬೈಲಿಕ್ಕೆ ಸುಲಭ ಆಯ್ತು. ಅದು ಸುಕ್ಕರಿ ಮಾರಾಯ್ರೆ. ಬಂಗಾರದ ಬಣ್ಣ ಕಾಣುದಿಲ್ವಾ? ಅಜ್ವಾ ಕಪ್ಪು. ಮಲ್ಲಿಗೆಯ ಚಿತ್ರ ಹಾಕಿ ಅಬ್ಬಲಿಗೆ ಅಂತ ಬರೀತೀರಾ?"

ಮರುದಿನ ಎರಡನೆಯ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದೆ. ಅಲ್ಲಿಂದ ಹಮೀದಾಕನಿಗೆ ನಮ್ಮ ಪತ್ರಿಕೆಯ ಮೇಲೆ ಅಲ್ಲಾಡಿಸಲಾಗದ ನಂಬಿಕೆ ಬಂತು. ತಪ್ಪು ಒಪ್ಪಿಕೊಂಡವನು ಉಳಿದದ್ದೆಲ್ಲ ಸರಿ ಹೇಳಿರುತ್ತಾನೆ ಎಂಬುದು ಅವರ ಲೆಕ್ಕ. ಒಳ್ಳೆಯ ಮನುಷ್ಯರು ಮಾತ್ರ ಹಾಕುವ ಲೆಕ್ಕ ಅದು. ಉಮ್ರಾಕ್ಕೆ ಬಂದಾಗಲೆಲ್ಲ ಶುಕ್ರವಾರ ಜಿದ್ದಾಕ್ಕೆ ಇಳಿದು, ನಮಾಜು ಮುಗಿಸಿ ಶರಫಿಯಾದ ಮಲಯಾಳಿ ಹೋಟೆಲಿನಲ್ಲಿ ನನ್ನನ್ನು ಕಾಯುತ್ತಿದ್ದರು. ಶುಕ್ರವಾರದ ಶರಫಿಯಾದಲ್ಲಿ ಒಬ್ಬನನ್ನು ಹುಡುಕುವುದು ಸುಲಭವಲ್ಲ. ಟೈಲರು, ಹಣ ಕಳಿಸುವವರು, ಮೊಬೈಲು ರಿಪೇರಿಯವರು, ಎಲ್ಲರೂ ಒಂದೇ ಓಣಿಯಲ್ಲಿ. ಹಮೀದಾಕ ಮಾತ್ರ ಯಾವಾಗಲೂ ಕೈ ತೊಳೆಯುವ ತೊಟ್ಟಿಯ ಪಕ್ಕದ ಮೇಜಿನಲ್ಲಿ ಇರುತ್ತಿದ್ದರು. ನಮ್ಮ ಪತ್ರಿಕೆಯನ್ನು ನಾನು ಓದಿದ್ದಕ್ಕಿಂತ ಹೆಚ್ಚು ಓದಿಕೊಂಡು.

ಎರಡು ವರ್ಷದ ಹಿಂದೆ ಅವರು ಹೆಂಡತಿ ಜೋಹರಾ ಅವರೊಂದಿಗೆ ಬಂದರು. ಜೋಹರಾ ಮೂರು ಮಕ್ಕಳನ್ನು ಊರಿನಲ್ಲಿ ಒಬ್ಬರೇ ಬೆಳೆಸಿ, ಎಲ್ಲರಿಗೂ ದಾರಿಯಾದ ಮೇಲೆ ಬುರೈದಾಕ್ಕೆ ಬಂದು ನಾಲ್ಕು ವರ್ಷವಾಗಿತ್ತಷ್ಟೆ. ಅರಬ್ಬಿ ಬರುತ್ತಿರಲಿಲ್ಲ. ಹಮೀದಾಕ ಪ್ಲಾಸ್ಟಿಕ್ ಕಡತದಿಂದ ನನ್ನ ಪಿಯೆಮಾಂಟ್ ಪುಟವನ್ನು ತೆಗೆದು ಮೇಜಿನ ಮೇಲೆ ಹರಡಿದರು. ಮಡಿಕೆಯ ಜಾಗದಲ್ಲಿ ಅಕ್ಷರ ಸವೆದಿತ್ತು.

"ಡಿಸೆಂಬರಿನಲ್ಲಿ ನಂದು ಫೈನಲ್ ಎಕ್ಸಿಟ್, ಶೆಟ್ರೆ. ಇಲ್ಲಿ ಇರ್ಲಿಕ್ಕೆ ಕೊಟ್ಟ ಇಕಾಮಾ ಕಾರ್ಡು ವಾಪಸು ಕೊಟ್ರೆ ಮುಗೀತು. ಅದಕ್ಕಿಂತ ಮೊದ್ಲು ಇವಳನ್ನು ಒಂದು ಕಡೆ ಕರ್ಕೊಂಡು ಹೋಗ್ಬೇಕು. ಮೂವತ್ತೊಂದು ವರ್ಷದಲ್ಲಿ ನಾನು ಇವಳಿಗೆ ತೋರ್ಸಿದ್ದು ಎಂತ? ಏರ್‌ಪೋರ್ಟಿನ ಗೇಟು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ."

"ಖರ್ಜೂರದ ಡಬ್ಬಿಯೂ ತೋರ್ಸಿದ್ದೀರಿ," ಎಂದರು ಜೋಹರಾ.

"ಅದು ತಿಂದದ್ದು. ನೋಡಿದ್ದಲ್ಲ."

ಜೋಹರಾ ಪುಟದ ಬಲಭಾಗದ ಮೇಲೆ ಬೆರಳಿಟ್ಟರು. "ಇವರು ಎಲ್ಲ ಓದಿ ಹೇಳಿದ್ದಾರೆ ಅಣ್ಣ. ಅಲ್ಲಿಯೂ ಗದ್ದೆ ಉಂಟಂತಲ್ಲ? ನನಗೆ ಕೋಟೆ ಬೇಡ. ಆ ಗದ್ದೆ ನೋಡ್ಬೇಕು. ಮತ್ತೆ ಈ ಲೂಚಿಯಾ ಅಜ್ಜಿ. ಈಗಲೂ ಇದ್ದಾರಾ?"

ಹೋಟೆಲಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ ಎಂಬಂತೆ ಸುಲೈಮಾನಿ ಚಹಾಕ್ಕೆ ಸಕ್ಕರೆ ಹಾಕಿದೆ. ಸಕ್ಕರೆ ಮೊದಲೇ ಇತ್ತು. "ಪ್ರಾಯ ಆಗಿದೆ," ಎಂದೆ.

ಹಮೀದಾಕ ತಗ್ಗಿದ ದನಿಯಲ್ಲಿ ಕೇಳಿದರು. "ಒಂದೇ ವಿಷಯ ಶೆಟ್ರೆ. ಆ ದೇಶದಲ್ಲಿ ಕುಡಿಯುದು ಜಾಸ್ತಿ ಅಂತಾರೆ. ನೀವು ಬರ್ದ ಈ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ ಅಲ್ವಾ? ನಾನು ಆಚೆ ಈಚೆ ನೋಡದೆ ಇರಬಲ್ಲೆ. ಆದ್ರೆ ಇವಳ ಎದುರು... ಉಮ್ರಾ ಮುಗಿಸಿದವರು ನಾವು. ನೀವು ಹೋಗಿ ಬಂದವರು, ಅದಕ್ಕೆ ಕೇಳುದು."

ಉತ್ತರಿಸಲು ನನಗೆ ಎರಡು ವಾಕ್ಯ ಸಾಕಿತ್ತು. ನಾನು ಹೋಗಿಲ್ಲ. ಅದು ವೈನ್ ಮಾಡುವ ಮನೆ. ಮೊದಲನೆಯದನ್ನು ಹೇಳದೆ ಎರಡನೆಯದನ್ನು ಹೇಳುವ ದಾರಿಯೂ ಇತ್ತು. ಆದರೆ ಜೋಹರಾ ಅವರ ಬೆರಳು ಇನ್ನೂ ಲೂಚಿಯಾ ಅಜ್ಜಿಯ ಮೇಲಿತ್ತು. ಒಂದು ಎಳೆ ಎಳೆದರೆ ಅಜ್ಜಿಯವರೆಗೂ ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ನನ್ನನ್ನು ದೊಡ್ಡ ಮನುಷ್ಯ ಎಂದುಕೊಂಡಿದ್ದವರು ಈ ಭೂಮಿಯ ಮೇಲೆ ಹಮೀದಾಕ ಒಬ್ಬರೇ.

"ಹಳ್ಳಿ, ಹಮೀದಾಕ," ಎಂದೆ. "ತೋಟದ ಮನೆ. ಅಕ್ಟೋಬರಿನಲ್ಲಿ ಹೋಗಿ. ಮಂಜು ಚೆನ್ನಾಗಿರುತ್ತದೆ."

ಅಕ್ಟೋಬರ್ ದ್ರಾಕ್ಷಿ ಕೊಯ್ಲಿನ ತಿಂಗಳು. ಅದು ಕೂಡ ಕರಪತ್ರದಲ್ಲಿತ್ತು. ನಾನೇ ಹೊಡೆದುಹಾಕಿದ್ದೆ. ಹೊಡೆದ ಸಾಲನ್ನು ಮರೆತುಬಿಡುವುದೂ ನಮ್ಮ ಕೆಲಸದ ಶಿಸ್ತು.

ಖರ್ಜೂರದ ಭರಾಟೆ ಮುಗಿದ ಮೇಲೆ ಅವರು ಹೊರಟರು. ಕಂಪೆನಿಯ ಮಲಯಾಳಿ ಗುಮಾಸ್ತನೊಬ್ಬ ವೀಸಾ, ಕೋಣೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡಿಕೊಟ್ಟ. ಹೊರಡುವ ಮುನ್ನ ಹಮೀದಾಕ ಫೋನು ಮಾಡಿ, ಅಜ್ಜಿಗೆ ಹಲ್ಲಿದೆಯೋ ಇಲ್ಲವೋ ಎಂದು ಜೋಹರಾ ಕೇಳುತ್ತಿದ್ದಾಳೆ ಎಂದರು. ಸುಕ್ಕರಿ ಮೆತ್ತಗಿರುತ್ತದೆ, ಪರವಾಗಿಲ್ಲ ಎಂದು ಅವರೇ ಉತ್ತರ ಹೇಳಿಕೊಂಡರು. ಆಗಲೂ ಹೇಳಬಹುದಿತ್ತು. ಅಂದು ಸಂಜೆ ನಾನು ಯೆಮೆನ್ ದೇಶದ ಒಂದು ಸುದ್ದಿಯಲ್ಲಿ ಗಾಯಾಳುಗಳ ಸಂಖ್ಯೆ ಹೊಂದಿಕೆಯಾಗುತ್ತಿಲ್ಲವೆಂದು ವರದಿಗಾರನನ್ನು ಮೂರು ಸಲ ಎಬ್ಬಿಸಿ ಕೇಳಿದೆ.

ಅಕ್ಟೋಬರ್ ಕಳೆಯಿತು. ಫೋನು ಬರಲಿಲ್ಲ. ನವೆಂಬರಿನಲ್ಲಿ ಒಂದು ಗುರುವಾರ ಹಮೀದಾಕನ ಸಂದೇಶ ಬಂತು. ಕೊನೆಯ ಉಮ್ರಾಕ್ಕೆ ಬಂದಿದ್ದೇವೆ, ನಾಳೆ ಅದೇ ಹೋಟೆಲು.

ಹೋದಾಗ ಮೇಜಿನಲ್ಲಿ ಅವರೊಬ್ಬರೇ ಇದ್ದರು. ಜೋಹರಾ ಎದುರಿನ ಅಂಗಡಿಯಲ್ಲಿ ಮೊಮ್ಮಕ್ಕಳಿಗೆ ಬಟ್ಟೆ ನೋಡುತ್ತಿದ್ದಾರೆ, ಬರುತ್ತಾರೆ ಎಂದರು. ಪರೋಟ ಬಂತು. ಮೀನು ಸಾರು ಬಂತು. ಹಮೀದಾಕ ತಿನ್ನುತ್ತಲೇ ಹೇಳಿದರು, ಖರ್ಜೂರದ ಲೋಡು ಎಲ್ಲಿ ಹಾಳಾಯಿತು ಎಂದು ಮಾಲಿಕನಿಗೆ ವರದಿ ಒಪ್ಪಿಸುವ ಹಾಗೆ. ನಮ್ಮ ವರದಿಗಾರರು ಅಷ್ಟು ಚೆನ್ನಾಗಿ ಹೇಳುವುದಿಲ್ಲ.

"ಊರು ನೀವು ಬರ್ದ ಹಾಗೆಯೇ ಉಂಟು ಶೆಟ್ರೆ. ಮಂಜು, ಕೋಟೆ, ಎಲ್ಲ. ಮಧ್ಯಾಹ್ನ ಹೋಗಿ ಇಳಿದದ್ದು. ಅಂಗಳದಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ದ್ರಾಕ್ಷಿ ರಾಶಿ ರಾಶಿ. ಮಿಷಿನಿಗೆ ಹಾಕಿ ಅರೀತಿದ್ರು. ನೆಲ ಎಲ್ಲ ಕೆಂಪು. ವಾಸನೆ ಅಂದ್ರೆ... ಇವಳು ಮೂಗಿಗೆ ಶಾಲು ಹಿಡಿದ್ಲು. ಮನೆಯವನು ಒಳ್ಳೆಯವ. ನಗ್ತಾ ಬಂದು ಎರಡು ಗ್ಲಾಸು ಕೈಗೆ ಕೊಟ್ಟ. ಅವನ ಮರ್ಯಾದೆ ಅದು. ನಾವು ಬೆಲ್ಲ ನೀರು ಕೊಡುದಿಲ್ವಾ? ಹಾಗೆ. ನಾನು ಕೈ ಹಿಂದೆ ತಕ್ಕೊಂಡೆ. ಅವನ ಮುಖ ಸಣ್ಣ ಆಯ್ತು."

"ಕಂಪ್ಯೂಟರಿನಲ್ಲಿ ಚಿತ್ರ ಇರಲಿಲ್ಲವಾ, ಹಮೀದಾಕ?" ಎಂದೆ. ಕೇಳಿದ ಮೇಲೆ, ತಪ್ಪನ್ನು ಬೇರೆಯವರ ಮೇಜಿಗೆ ಸರಿಸುವ ಕಚೇರಿಯ ಬುದ್ಧಿ ಇದು ಎಂದು ತಿಳಿಯಿತು.

"ಇತ್ತು. ದೊಡ್ಡ ದೊಡ್ಡ ಪೀಪಾಯಿ ಕಂಡಿದ್ದೆ. ಮಲಯಾಳಿಯೂ ಕೇಳಿದ, ಇಕ್ಕಾ ಇದು ಎಂತದ್ದು ಅಂತ. ವಿನೆಗರ್ ಇರ್ಬೇಕು ಅಂದೆ. ಶೆಟ್ರು ಬರೀಲಿಲ್ಲ, ಹಾಗಾದ್ರೆ ಇರ್ಲಿಕ್ಕಿಲ್ಲ ಅಂದೆ."

ಅವರು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟರು.

"ಮನೆಯವನಿಗೆ ಇಂಗ್ಲಿಷು ಬರುದಿಲ್ಲ. ಅಲ್ಲಿ ಕೆಲಸಕ್ಕೆ ಒಬ್ಬಳು ಮೊರಾಕೊದವಳಿದ್ಲು. ತಲೆಗೆ ಬಟ್ಟೆ ಕಟ್ಟಿದವಳು. ಅವಳ ಅರಬ್ಬಿ ಬೇರೆ, ನನ್ನ ಬುರೈದಾದ ಅರಬ್ಬಿ ಬೇರೆ, ಆದ್ರೂ ನಡೀತು. ನಾನು ನಿಮ್ಮ ಪೇಪರು ತೋರ್ಸಿ ಲೂಚಿಯಾ ಅಜ್ಜಿ ಎಲ್ಲಿ ಅಂತ ಕೇಳಿದೆ. ಇವಳು ಪಕ್ಕದಲ್ಲಿ ಖರ್ಜೂರದ ಡಬ್ಬಿ, ಒಂದು ಶಾಲು ಹಿಡ್ಕೊಂಡು ನಿಂತಿದ್ಲು. ಆ ಹೆಂಗಸು ಮನೆಯವನನ್ನು ಕೇಳಿದ್ಲು. ಅವನು ಇಲ್ಲ ಅಂತ ತಲೆ ಆಡಿಸಿದ. ಈ ಮನೆಯಲ್ಲಿ ಆ ಹೆಸರಿನವರು ಯಾರೂ ಇರ್ಲಿಲ್ಲಂತೆ, ಅವನ ಅಜ್ಜನ ಕಾಲದಿಂದಲೂ. ಪೇಪರಿನಿಂದ ಯಾರೂ ಬರ್ಲೂ ಇಲ್ಲಂತೆ. ಆ ಹೆಂಗಸು ನನಗೆ ಹೇಳಿದ್ಲು, 'ಹಾಜಿ, ಬರೆದವನು ಇಲ್ಲಿಗೆ ಬಂದವನಲ್ಲ.'"

ಹಮೀದಾಕ ಪರೋಟದ ಇನ್ನೊಂದು ತುಂಡು ಹರಿದುಕೊಂಡರು.

"ಇವಳಿಗೆ ಅರಬ್ಬಿ ಗೊತ್ತಾಗುದಿಲ್ಲ. ಎಂತ ಹೇಳಿದ್ಲು ಅಂತ ಕೇಳಿದ್ಲು. ನಾನು ಏನು ಹೇಳ್ಲಿ? ಅಜ್ಜಿ ಹೋದ ಚಳಿಯಲ್ಲಿ ತೀರಿಹೋದ್ರಂತೆ ಅಂದೆ. ಇವಳು ಅಲ್ಲೇ ಅಂಗಳದಲ್ಲಿ ಅತ್ತುಬಿಟ್ಲು, ಮಾರಾಯ್ರೆ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ದೂರ ಇದ್ದೆ, ಆದ್ರೆ ಸುಳ್ಳು ಹೇಳಿದವನಲ್ಲ. ಹೇಳಿದ ಮೊದಲನೇ ಸುಳ್ಳು ನಿಮ್ಮದು."

ಆ ರಾತ್ರಿ ಅಲ್ಲಿ ಉಳಿಯಲು ಅವರ ಮನಸ್ಸು ಒಪ್ಪಲಿಲ್ಲ. ಸುತ್ತ ಎಲ್ಲ ಕಡೆ ಅದೇ ಕೊಯ್ಲು, ಅದೇ ವಾಸನೆ, ಕೋಣೆಯೂ ಸಿಗಲಿಲ್ಲ. ಮೊರಾಕೊದ ಹೆಂಗಸೇ ಅವರನ್ನು ತನ್ನ ಗಂಡನ ಗಾಡಿಯಲ್ಲಿ ರೈಲು ನಿಲ್ದಾಣಕ್ಕೆ ಮುಟ್ಟಿಸಿ, ತೊರೀನೊದಲ್ಲಿ ಹಲಾಲ್ ಊಟ ಎಲ್ಲಿ ಸಿಗುತ್ತದೆ ಎಂದು ಚೀಟಿ ಬರೆದುಕೊಟ್ಟಳು. ತೊರೀನೊದಲ್ಲಿ ನಾಲ್ಕು ದಿನ ಮಳೆ. ನಿಲ್ದಾಣದ ಹತ್ತಿರದ ಒಂದು ಕೋಣೆಯಲ್ಲಿ ಇಬ್ಬರೂ ಕುಳಿತು ಟ್ರಾಮುಗಳನ್ನು ನೋಡಿದರು. ಗದ್ದೆ ಕೂಡ ಕೊಯ್ದಾಗಿತ್ತು. ರೈಲಿನ ಕಿಟಕಿಯಿಂದ ಕೂಳೆ ಕಂಡಿತಂತೆ.

"ಅವಳಿಗೆ ಅದೇ ಖುಷಿ," ಎಂದರು ಹಮೀದಾಕ. "ನಮ್ಮ ಕೂಳೆಯ ಹಾಗೇ ಉಂಟು ಅಂದ್ಲು."

"ಹಮೀದಾಕ, ನಾನು..."

"ಬೇಡ ಶೆಟ್ರೆ. ನಿಮ್ಮ ನೌಕರಿ ನನಗೆ ಗೊತ್ತುಂಟು. ಇಲ್ಲಿ ನಾವೆಲ್ಲ ವೀಸಾ ಕೊಟ್ಟ ಕಫೀಲ್ ಹೇಳಿದ ಹಾಗೆ ಡಬ್ಬಿ ತುಂಬುವವರು. ಮೇಲೆ ಒಳ್ಳೇದು, ಕೆಳಗೆ ಹುಳ. ನಾನೂ ತುಂಬಿದ್ದೇನೆ. ಆದ್ರೆ ನಾನು ಬಾಯಿಬಿಟ್ಟು ಕೇಳಿದ್ದೆ. ಈ ಮೇಜಿನಲ್ಲೇ ಕೇಳಿದ್ದೆ." ಅವರು ಬಾಗಿಲ ಕಡೆ ನೋಡಿದರು. ಜೋಹರಾ ರಸ್ತೆ ದಾಟುತ್ತಿದ್ದರು. "ಈಗ ಅವಳು ಅಜ್ಜಿಯ ವಿಷಯ ಕೇಳ್ತಾಳೆ. ಹೌದು, ತೀರಿಹೋದ್ರು ಅಂತ ಹೇಳಿ. ಅಷ್ಟೇ. ಜಾಸ್ತಿ ಬೇಡ. ಡಿಸೆಂಬರಿನಲ್ಲಿ ನಾವು ಹೋಗ್ತೇವೆ. ಮತ್ತೆ ಯಾರೂ ಕೇಳುದಿಲ್ಲ."

ಜೋಹರಾ ಚೀಲಗಳನ್ನು ಕುರ್ಚಿಯ ಮೇಲಿಟ್ಟು ಕುಳಿತರು. ಮನೆಯವರ ಕ್ಷೇಮ ಕೇಳಿದರು. ವೈನಿನ ಅಂಗಳದ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಮೇಲೆ ಸಿಟ್ಟಿನ ಗುರುತು ಇರಲಿಲ್ಲ. ನೀರು ಕುಡಿದು, ಶಾಲಿನ ತುದಿಯಿಂದ ಬಾಯಿ ಒರಸಿಕೊಂಡು ಕೇಳಿದರು.

"ಅಜ್ಜಿ ಹೋದದ್ದು ನಿಮಗೆ ಮೊದ್ಲೇ ಗೊತ್ತಿತ್ತಾ ಅಣ್ಣ?"

"ಹೌದು," ಎಂದೆ. "ಆಮೇಲೆ ಗೊತ್ತಾಯಿತು. ತೀರಿಹೋದರು."

ಅಷ್ಟೇ ಸಾಕಿತ್ತು. ಹಮೀದಾಕ ಕೇಳಿದ್ದೂ ಅಷ್ಟೇ.

"ತುಂಬ ನರಳಿದ್ರಾ?"

"ಇಲ್ಲ. ನಿದ್ದೆಯಲ್ಲಿ."

"ಎಷ್ಟು ಪ್ರಾಯ?"

"ಎಂಬತ್ತನಾಲ್ಕು."

ಹಮೀದಾಕನ ಕೈ ಪರೋಟದ ಮೇಲೆ ನಿಂತಿತು. ನನಗೆ ಕಾಣುತ್ತಿತ್ತು. ಆದರೆ ಮರಣವಾರ್ತೆಗೆ ಒಂದು ಕ್ರಮವಿದೆ, ಇಪ್ಪತ್ತು ವರ್ಷ ಬರೆದ ಕ್ರಮ. ವಯಸ್ಸಿನ ನಂತರ ಕಾರಣ, ಕಾರಣದ ನಂತರ ಬಂಧುಗಳು. ಯಾರೂ ಕೇಳುವ ಮೊದಲೇ ನನ್ನ ಬಾಯಿ ಹೇಳಿತು: "ಒಬ್ಬ ಮಗ ಇದ್ದಾನೆ. ತೊರೀನೊದಲ್ಲಿ."

ಜೋಹರಾ ಗಂಡನ ಕಡೆ ತಿರುಗಿದರು. "ತೊರೀನೊದಲ್ಲಾ? ನಾವು ನಾಲ್ಕು ದಿನ ಅಲ್ಲೇ ಇದ್ದೆವಲ್ಲ. ಗೊತ್ತಿದ್ರೆ ಹೋಗಿ ಎರಡು ಮಾತಾಡ್ತಿದ್ದೆ. ತಾಯಿ ಹೋದವನು, ಪಾಪ. ಅಣ್ಣ, ಅವನ ವಿಳಾಸ ಕೊಡಿ. ಮೊಮ್ಮಗಳ ಕೈಯಲ್ಲಿ ಒಂದು ಕಾಗದ ಬರೆಸ್ತೇನೆ."

ನಾನು ಕಳಿಸುತ್ತೇನೆ ಎನ್ನಲು ಬಾಯಿ ತೆರೆದೆ. ಹಮೀದಾಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ವಿಳಾಸ ಇವರ ಹತ್ರ ಇಲ್ಲ, ಜೋಹರಾ. ಮಗನೂ ಇಲ್ಲ. ಇವರು ಆ ಊರಿಗೆ ಹೋಗಿಯೇ ಇಲ್ಲ."

"ಮತ್ತೆ ಅಜ್ಜಿ?"

"ಅಜ್ಜಿಯೂ ಇಲ್ಲ. ಇರ್ಲೇ ಇಲ್ಲ. ನಾನು ನಿನಗೆ ಸುಳ್ಳು ಹೇಳಿದ್ದು."

ಪಕ್ಕದ ಮೇಜಿನವರು ಬಿರಿಯಾನಿಗೆ ಕೂಗುತ್ತಿದ್ದರು. ತೊಟ್ಟಿಯಲ್ಲಿ ಯಾರೋ ಬಾಯಿ ಮುಕ್ಕಳಿಸುತ್ತಿದ್ದರು. ಜೋಹರಾ ನನ್ನನ್ನು ನೋಡಿದರು. ಗಂಡನನ್ನು ನೋಡಿದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಬೈದಿದ್ದರೆ ಆ ದಿನ ಅಲ್ಲಿಗೆ ಮುಗಿಯುತ್ತಿತ್ತು.

"ಸಾಯ್ಲಿಲ್ಲ ಅಲ್ವಾ ಹಾಗಾದ್ರೆ," ಎಂದರು ಅವರು. ದೊಡ್ಡದೊಂದು ಉಸಿರು ಬಿಟ್ಟರು. "ಒಂದು ತಿಂಗಳಿಂದ ನಂಗೆ ಅದೇ ಬೇಜಾರು. ನಾವು ಒಂದು ವರ್ಷ ಮೊದ್ಲು ಹೋಗ್ಬೇಕಿತ್ತು ಅಂತ."

ಆಮೇಲೆ ಅವರು ಗಂಡನನ್ನು ಕೇಳಿದರು. "ಮತ್ತೆ ಆ ಖರ್ಜೂರ, ಶಾಲು ನಾನು ಯಾರಿಗೆ ಕೊಟ್ಟದ್ದು?"

"ಆ ಮೊರಾಕೊದವಳಿಗೆ. ಅಜ್ಜಿಯ ಮನೆಯವರಿಗೆ ತಲುಪಿಸ್ತಾಳೆ ಅಂತ ನಾನೇ ಹೇಳಿದ್ದು."

"ಸ್ಟೇಷನ್ನಿಗೆ ಬಿಟ್ಟವಳು?"

"ಹೌದು."

"ಊಟದ ಚೀಟಿ ಬರ್ದು ಕೊಟ್ಟವಳು?"

"ಹೌದು ಮಾರಾಯ್ತಿ."

"ಒಳ್ಳೇದಾಯ್ತು. ಅವಳ ಹೆಸರೆಂತ?"

ಹಮೀದಾಕ ನೆನಪು ಮಾಡಿಕೊಳ್ಳಲು ನೋಡಿದರು. ನೆನಪಾಗಲು ಅಲ್ಲಿ ಏನೂ ಇರಲಿಲ್ಲ.

"ಕೇಳ್ಲಿಲ್ಲ," ಎಂದರು.

ಜೋಹರಾ ಎದ್ದು ಚೀಲಗಳನ್ನು ಕೈಗೆ ತೆಗೆದುಕೊಂಡರು. ಆಮೇಲೆ ಅವರು ನನ್ನೊಡನೆ ಆಡಿದ್ದು ಒಂದೇ ಮಾತು. ಅದರಲ್ಲಿ ವ್ಯಂಗ್ಯವಿತ್ತೇ ಎಂದು ಈ ಎರಡು ವರ್ಷದಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

"ನಮಗೆ ಗೊತ್ತಾಗ್ಲಿಲ್ಲ ಅಣ್ಣ. ನೀವು ಪೇಪರಿನವರು. ಹೋಗಿದ್ರೆ ಅವಳ ಹೆಸರು ಕೇಳ್ತಿದ್ರಿ."